ದೇಹ ಮೊದಲು, ಜಾಗ ಕೊನೆಗೆ: ಗಾಲಿಕುರ್ಚಿಯಲ್ಲಿ ಬೆಂಗಳೂರು ಸುತ್ತಲು ಸಮಗ್ರ ಮಾರ್ಗದರ್ಶಿ

ಗಾಲಿಕುರ್ಚಿ ಬಳಸುವ ಅಣ್ಣನನ್ನೋ ಅಪ್ಪನನ್ನೋ ಒಂದು ದಿನ ಹೊರಗೆ ಕರೆದೊಯ್ದು ಅರ್ಧಕ್ಕೇ ಮರಳಿದವರು ಹೇಳುವುದು ಹೆಚ್ಚುಕಡಿಮೆ ಒಂದೇ ಕಥೆ. ಭಾನುವಾರ ನಂದಿಬೆಟ್ಟಕ್ಕೆ ಹೋಗೋಣ ಎಂದು ಎಲ್ಲರೂ ಸೇರಿ ತೀರ್ಮಾನಿಸಿದರು. ಟ್ಯಾಕ್ಸಿಯ ಡಿಕ್ಕಿಯಲ್ಲಿ ಕುರ್ಚಿ ಹಿಡಿಸಲಿಲ್ಲ. ಹೇಗೋ ತುರುಕಿಕೊಂಡು ಹೋದರೆ ಶೌಚಾಲಯದ ಬಾಗಿಲೊಳಗೆ ಕುರ್ಚಿ ತೂರಲಿಲ್ಲ. ಹತ್ತು ಗಂಟೆಗೆ ಬಿಸಿಲು ಏರಿತು, ತಲೆನೋವು ಶುರುವಾಯಿತು, ಎಲ್ಲರ ಮುಖ ಬಾಡಿತು. ಮನೆಗೆ ಬಂದು ಬಟ್ಟೆ ಬದಲಿಸುವಾಗ ನೋಡಿದರೆ ಪೃಷ್ಠದ ಮೇಲೆ ಕೆಂಪು ಗುರುತು. ಆಮೇಲೆ ತಿಂಗಳುಗಟ್ಟಲೆ ಹೊರಗೆ ಹೋಗುವ ಮಾತನ್ನು ಯಾರೂ ಎತ್ತುವುದಿಲ್ಲ.

ಇವರಲ್ಲಿ ಧೈರ್ಯಕ್ಕಾಗಲಿ ಪ್ರೀತಿಗಾಗಲಿ ಕೊರತೆ ಇರಲಿಲ್ಲ. ತಪ್ಪಿದ್ದು ಕ್ರಮ. ಜಾಗವನ್ನು ಮೊದಲು ಗೊತ್ತುಮಾಡಿ, ಆ ಜಾಗಕ್ಕೆ ದೇಹವನ್ನು ಒಗ್ಗಿಸಲು ಹೊರಟರು. ಮಾಡಬೇಕಾದದ್ದು ಇದಕ್ಕೆ ತಿರುಗುಮುರುಗಾಗಿ: ಮೊದಲು ದೇಹ, ನಂತರ ಶೌಚ, ನಂತರ ಕುರ್ಚಿ, ಇವೆಲ್ಲ ಆದ ಮೇಲೆ ಕೊನೆಗೆ ಜಾಗ ಮತ್ತು ಅಲ್ಲಿಗೆ ದಾರಿ. ಕೆಳಗಿನ ಹಂತಗಳು ಇದೇ ಕ್ರಮದಲ್ಲಿವೆ. ಬೆನ್ನುಹುರಿಗೆ ಪೆಟ್ಟಾಗಿ ಕುರ್ಚಿ ಬಳಸುವವರನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಕಾಲು ಕಳೆದುಕೊಂಡವರು, ದೃಷ್ಟಿ ಇಲ್ಲದವರು ಮತ್ತು ಸೇನೆಯಿಂದ ನಿವೃತ್ತರಾಗಿ ಬಂದವರಿಗೆ ಬದಲಾಗುವ ಅಂಶಗಳು ಎಂಟನೇ ಹಂತದಲ್ಲಿವೆ.

ಹಂತ 1: ಹೊರಡುವವರನ್ನೇ ಕೇಳಿ

ಯಾರನ್ನು ಕರೆದೊಯ್ಯುತ್ತಿದ್ದೀರೋ ಅವರನ್ನು ಬಿಟ್ಟು ಉಳಿದವರೆಲ್ಲ ಕೂತು ಯೋಜನೆ ಹಾಕುವುದು ಮೊದಲ ತಪ್ಪು. ಅಚ್ಚರಿ ಕೊಡುವ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಕ್ಯಾತಿಟರ್ (ಮೂತ್ರ ತೆಗೆಯುವ ಕೊಳವೆ) ಹಾಕಿಕೊಳ್ಳುವ ಸಮಯ, ಮಲವಿಸರ್ಜನೆಯ ದಿನ, ಔಷಧದ ಹೊತ್ತು ಇವೆಲ್ಲ ಗೊತ್ತಿರುವುದು ಅವರಿಗೆ ಮಾತ್ರ.

ನಾಲ್ಕು ವಿಷಯ ಕೇಳಿ ಬರೆದುಕೊಳ್ಳಿ. ಒಂದೇ ಸಮನೆ ಎಷ್ಟು ಹೊತ್ತು ಕೂರಬಲ್ಲರು? ಪೆಟ್ಟು ಬೆನ್ನುಹುರಿಯ ಯಾವ ಮಟ್ಟದಲ್ಲಿದೆ? ಮೂತ್ರ ವಿಸರ್ಜನೆ ಹೇಗೆ, ಎಷ್ಟು ಗಂಟೆಗೊಮ್ಮೆ? ಅವರಿಗೆ ಬೇಕಾಗಿರುವುದು ಏನು: ಮರದ ನೆರಳೇ, ನೀರಿನ ದಡವೇ, ಜನರ ನಡುವೆ ಕೂರುವುದೇ, ವೇಗವೇ? ಕೊನೆಯ ಪ್ರಶ್ನೆಯನ್ನು ಹಲವರು ಕೇಳುವುದೇ ಇಲ್ಲ. ಗುಡ್ಡ ಹತ್ತುತ್ತಿದ್ದ ಸೈನಿಕನಿಗೆ ಉದ್ಯಾನದ ಬೆಂಚಿನ ಪಕ್ಕ ಎರಡು ಗಂಟೆ ನಿಲ್ಲಿಸಿದರೆ ಅದು ವಿಹಾರವಾಗುವುದಿಲ್ಲ.

ಪೆಟ್ಟಿನ ಮಟ್ಟ ಯಾಕೆ ಮುಖ್ಯ ಎಂದರೆ, ಬೆನ್ನುಮೂಳೆಯ ಎದೆಭಾಗದ ಆರನೇ ಕಶೇರು, ಅಂದರೆ ಟಿ6, ಅಥವಾ ಅದಕ್ಕಿಂತ ಮೇಲೆ ಪೆಟ್ಟಾಗಿದ್ದರೆ ರಕ್ತದೊತ್ತಡ ಏಕಾಏಕಿ ಏರುವ ಅಪಾಯ ಇರುತ್ತದೆ. ಪೆಟ್ಟಿನ ಕೆಳಗಿನ ಭಾಗ ಸರಿಯಾಗಿ ಬೆವರದ ಕಾರಣ ಬಿಸಿಲೂ ಬೇಗ ತಾಗುತ್ತದೆ. ವೈದ್ಯರ ಬಳಿ ಹೋಗಿ, ಹೊರಗೆ ಹೋಗಬಹುದೇ, ಸಾಮಾನ್ಯ ದಿನದ ರಕ್ತದೊತ್ತಡ ಎಷ್ಟು, ಏರಿದರೆ ಏನು ಕೊಡಬೇಕು ಎಂಬುದನ್ನು ಬರೆಸಿಕೊಂಡು ಬನ್ನಿ. ಮಾಜಿ ಸೈನಿಕರಾದರೆ ಅವರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಪಾಲಿಕ್ಲಿನಿಕ್‌ನಲ್ಲೇ ಇದನ್ನು ಕೇಳಬಹುದು.

ಮೊದಲ ಸಲ ಮನೆ ಬಿಟ್ಟು ಮನೆ ಸೇರುವವರೆಗೆ ಮೂರು ಗಂಟೆ ಮೀರಬೇಡಿ. ಚೆನ್ನಾಗಿ ನಡೆದರೆ ಮುಂದಿನ ಸಲ ಒಂದು ಗಂಟೆ ಸೇರಿಸಿ.

ಹಂತ 2: ಶೌಚ ಮತ್ತು ನೀರನ್ನು ಗೊತ್ತುಮಾಡಿ

ಹೊರಗೆ ಶೌಚಾಲಯ ಸಿಗುವುದಿಲ್ಲ ಎಂದು ಬೆಳಗ್ಗೆಯಿಂದ ನೀರನ್ನೇ ಕುಡಿಯದೆ ಹೊರಡುವವರು ಬಹಳ. ಇದು ಮೂತ್ರದ ಸೋಂಕಿಗೆ, ಮಲಬದ್ಧತೆಗೆ, ಬಿಸಿಲಿನಲ್ಲಿ ನಿತ್ರಾಣಕ್ಕೆ ನೇರ ದಾರಿ. ನೀರು ಕಡಿಮೆ ಮಾಡಬೇಡಿ, ಶೌಚಾಲಯ ಹುಡುಕಿ.

ಬೆಂಗಳೂರಿನಲ್ಲಿ ಮೊದಲು ನೋಡಬೇಕಾದದ್ದು ಮೆಟ್ರೊ ನಿಲ್ದಾಣಗಳನ್ನು. ಅಲ್ಲಿ ಗಾಲಿಕುರ್ಚಿಗೆಂದು ಅಗಲ ಬಾಗಿಲಿನ ಶೌಚಾಲಯ ಇರುತ್ತದೆ. ಬೀಗ ಹಾಕಿದ್ದರೆ ಸಿಬ್ಬಂದಿಯನ್ನು ಕೇಳಿ ತೆರೆಸಿಕೊಳ್ಳಿ, ಸಂಕೋಚ ಬೇಡ. ಮೆಟ್ರೊ ಇಲ್ಲದ ಕಡೆ ದೊಡ್ಡ ಮಾಲ್‌ಗಳು, ಹೊಸ ಆಸ್ಪತ್ರೆಗಳು ಅನುಕೂಲ. ಉದ್ಯಾನದ ಶೌಚಾಲಯಕ್ಕೆ ಅಂಗವಿಕಲರ ಚಿಹ್ನೆ ಹಚ್ಚಿದ್ದರೆ ಅದನ್ನೇ ನಂಬಿ ಹೋಗಬೇಡಿ. ಚಿಹ್ನೆ ಇರುವ ಬಾಗಿಲಿನ ಮುಂದೆಯೇ ಎರಡು ಮೆಟ್ಟಿಲು ಇರುವುದುಂಟು. ಬಾಗಿಲು 90 ಸೆಂಟಿಮೀಟರ್ ತೆರೆಯುತ್ತದೆಯೇ, ಒಳಗೆ ಕುರ್ಚಿ ತಿರುಗುತ್ತದೆಯೇ, ಹಿಡಿದುಕೊಳ್ಳಲು ಕಂಬಿ ಇದೆಯೇ ಎಂಬ ಮೂರನ್ನು ನೋಡಿ.

ಸಾಮಾನ್ಯವಾಗಿ ನಾಲ್ಕರಿಂದ ಆರು ಗಂಟೆಗೊಮ್ಮೆ ಕ್ಯಾತಿಟರ್ ಬಳಸುವವರು ಮನೆ ಬಿಡುವ ಮುನ್ನ ಒಮ್ಮೆ ಮುಗಿಸಿಕೊಂಡರೆ ಮೂರು ಗಂಟೆಯ ಸುತ್ತಾಟಕ್ಕೆ ತೊಂದರೆ ಇಲ್ಲ. ಕಾಲಿಗೆ ಕಟ್ಟುವ ಮೂತ್ರದ ಚೀಲ ಇರುವವರು ಅದು ಅರ್ಧ ತುಂಬಿದಾಗಲೇ ಖಾಲಿ ಮಾಡಬೇಕು. ತುಂಬಿ ತೂಗುವ ಚೀಲ ಕೊಳವೆಯನ್ನು ಎಳೆಯುತ್ತದೆ, ಮೂತ್ರ ಹಿಂದಕ್ಕೆ ನಿಲ್ಲುತ್ತದೆ. ಅದರಿಂದ ಏನಾಗುತ್ತದೆ ಎಂಬುದು ಏಳನೇ ಹಂತದಲ್ಲಿದೆ. ಮಲವಿಸರ್ಜನೆಯ ದಿನ ಹೊರಗೆ ಹೋಗುವುದನ್ನು ಇಟ್ಟುಕೊಳ್ಳಬೇಡಿ, ಮರುದಿನಕ್ಕೆ ಹಾಕಿ.

ಹಂತ 3: ಕುರ್ಚಿಯನ್ನು ಪರೀಕ್ಷಿಸಿ

ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೊಂಡ ಮಡಚುವ ಕಬ್ಬಿಣದ ಕುರ್ಚಿ ನಯವಾದ ನೆಲಕ್ಕೆಂದು ಮಾಡಿದ್ದು. ಅದು ಸಾಮಾನ್ಯವಾಗಿ 17ರಿಂದ 20 ಕಿಲೊ ತೂಗುತ್ತದೆ. ಮುಂದಿನ ಸಣ್ಣ ಗಟ್ಟಿ ಚಕ್ರಗಳು ಮಣ್ಣಿನಲ್ಲಿ ಹೂತು, ಕಲ್ಲಿನ ಸಂದಿನಲ್ಲಿ ಸಿಕ್ಕಿಕೊಳ್ಳುತ್ತವೆ. ಅದನ್ನೇ ಇಟ್ಟುಕೊಂಡೂ ಹೊರಗೆ ಹೋಗಬಹುದು. ಆದರೆ ಡಾಂಬರು ಅಥವಾ ಕಾಂಕ್ರೀಟ್ ದಾರಿಗೆ ಮಾತ್ರ.

ಹೊರಡುವ ಹಿಂದಿನ ದಿನ ಇಷ್ಟು ನೋಡಿ. ಗಾಳಿಯ ಟೈರ್ ಆಗಿದ್ದರೆ ಟೈರಿನ ಪಕ್ಕದಲ್ಲೇ ಎಷ್ಟು ಒತ್ತಡ ಬೇಕೆಂದು ಅಚ್ಚು ಹಾಕಿರುತ್ತಾರೆ, ಅಷ್ಟು ತುಂಬಿಸಿ. ಗಾಳಿ ಕಡಿಮೆಯಾದರೆ ತಳ್ಳುವುದು ಕಷ್ಟವಾಗುವುದಷ್ಟೇ ಅಲ್ಲ, ಬ್ರೇಕ್ ಕೂಡ ಹಿಡಿಯುವುದಿಲ್ಲ. ಏಕೆಂದರೆ ಹೆಚ್ಚಿನ ಕುರ್ಚಿಗಳ ಬ್ರೇಕ್ ಟೈರನ್ನೇ ಒತ್ತುತ್ತದೆ. ಆ ಬ್ರೇಕ್ ಇರುವುದು ನಿಂತ ಕುರ್ಚಿ ಜರುಗದಿರಲು, ಓಡುತ್ತಿರುವ ಕುರ್ಚಿಯನ್ನು ನಿಲ್ಲಿಸಲು ಅಲ್ಲ. ಇಳಿಜಾರಿನಲ್ಲಿ ಬ್ರೇಕ್ ಎಳೆದು ಮುಂದಕ್ಕೆ ಬಿದ್ದವರಿದ್ದಾರೆ. ಮುಂದಿನ ಚಕ್ರಗಳಿಗೆ ಸುತ್ತಿಕೊಂಡ ಕೂದಲು, ದಾರ ಕಿತ್ತುಹಾಕಿ. ಕಾಲಿಡುವ ಹಲಗೆಯ ತಿರುಪು ಬಿಗಿ ಮಾಡಿ. ಹಿಂದೆ ಉರುಳದಂತೆ ತಡೆಯುವ ಪುಟ್ಟ ಚಕ್ರಗಳಿದ್ದರೆ ಅವನ್ನು ಬಿಚ್ಚಿಡಬೇಡಿ.

ದಿಂಬಿನ ವಿಷಯದಲ್ಲಿ ಉಳಿತಾಯ ಬೇಡ. ಮನೆಯ ಹತ್ತಿಯ ದಿಂಬು ಒಂದು ಗಂಟೆಯಲ್ಲಿ ಚಪ್ಪಟೆಯಾಗುತ್ತದೆ. ಒತ್ತಡ ಹಂಚುವ ದಿಂಬನ್ನು ಪುನರ್ವಸತಿ ಚಿಕಿತ್ಸಕರು ಅಳತೆ ನೋಡಿ ಕೊಡಬೇಕು. ಲಿಂಗರಾಜಪುರದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಮತ್ತು ಜೆ.ಪಿ. ನಗರದ ಮೊಬಿಲಿಟಿ ಇಂಡಿಯಾ ಬೆಂಗಳೂರಿನಲ್ಲಿ ಈ ಕೆಲಸ ಬಲ್ಲ ಹಳೆಯ ಸಂಸ್ಥೆಗಳು. ಕುರ್ಚಿ ನಮ್ಮ ಅಳತೆಗೆ ಸರಿಯಿದೆಯೇ ಎಂಬ ಅನುಮಾನ ಇದ್ದವರು ಸುತ್ತಾಟಕ್ಕೆ ಮುನ್ನ ಅಲ್ಲಿಗೆ ಒಮ್ಮೆ ಹೋಗಿ ಬರುವುದು ಒಳ್ಳೆಯದು.

ಸ್ವಂತವಾಗಿ ದೂರ ಹೋಗುವ ಆಸೆ ಇರುವವರಿಗೆ ಕುರ್ಚಿಯ ಮುಂದೆ ಜೋಡಿಸುವ ಮೋಟಾರು ಚಕ್ರಗಳು ಬಂದಿವೆ. ಮದ್ರಾಸ್ ಐಐಟಿಯಲ್ಲಿ ಹುಟ್ಟಿದ ನಿಯೊಮೋಷನ್ ಕಂಪನಿಯ ನಿಯೊಬೋಲ್ಟ್ ಇಂಥದ್ದು, ಗಂಟೆಗೆ 25 ಕಿಲೊಮೀಟರ್ ವೇಗದವರೆಗೆ ಓಡುತ್ತದೆ. ಅದನ್ನು ಕೊಳ್ಳುವ ಮುನ್ನ ಬಯಲಿನಲ್ಲಿ ಓಡಿಸಿ ನೋಡಿ. ತಿರುವಿನಲ್ಲಿ ಮೈ ಹಿಡಿತ ಎಷ್ಟಿದೆ ಎಂಬುದು ಓಡಿಸಿದಾಗಲೇ ತಿಳಿಯುವುದು.

ಹಂತ 4: ಚೀಲ ಕಟ್ಟಿ, ಬಟ್ಟೆ ನೋಡಿ

ಚೀಲದಲ್ಲಿ ಇರಬೇಕಾದವು: ಸಣ್ಣ ಗಾಳಿ ಪಂಪು, ಒಂದು ಟ್ಯೂಬು, ಕುರ್ಚಿಯ ತಿರುಪುಗಳಿಗೆ ಹೊಂದುವ ಅಲೆನ್ ಕೀಗಳು, ಹೆಚ್ಚುವರಿ ಕ್ಯಾತಿಟರ್, ಕೈಗವಸು, ಒಂದು ಜೊತೆ ಬಟ್ಟೆ, ಒರಟಲ್ಲದ ಟವೆಲ್, ನೀರು ಚಿಮುಕಿಸುವ ಬಾಟಲಿ, ನಾವೇ ನೋಡಿಕೊಳ್ಳಬಹುದಾದ ರಕ್ತದೊತ್ತಡದ ಯಂತ್ರ, ವೈದ್ಯರು ಬರೆದುಕೊಟ್ಟ ಚೀಟಿ, ಯುಡಿಐಡಿ ಕಾರ್ಡಿನ (ಅಂಗವಿಕಲರ ಗುರುತಿನ ಚೀಟಿ) ಪ್ರತಿ. ಚೀಲವನ್ನು ಕುರ್ಚಿಯ ಹಿಂದಿನ ಹಿಡಿಗೆ ನೇತುಹಾಕಬೇಡಿ. ಏರಿನಲ್ಲಿ ಕುರ್ಚಿ ಹಿಂದಕ್ಕೆ ಮಗುಚಲು ಅಷ್ಟು ಭಾರವೇ ಸಾಕು. ಸೀಟಿನ ಕೆಳಗೆ ಕಟ್ಟಿ ಅಥವಾ ಜೊತೆಗಾರರು ಹೊತ್ತುಕೊಳ್ಳಲಿ.

ಬಟ್ಟೆಯ ಬಗ್ಗೆ ಯಾರೂ ಯೋಚಿಸುವುದಿಲ್ಲ. ಜೀನ್ಸ್ ಪ್ಯಾಂಟಿನ ಹಿಂದಿನ ಜೇಬಿನ ಲೋಹದ ಗುಂಡಿ, ದಪ್ಪ ಹೊಲಿಗೆ, ಜೇಬಿನಲ್ಲೇ ಉಳಿದ ಪರ್ಸು, ಇವು ಸ್ಪರ್ಶವಿಲ್ಲದ ಚರ್ಮವನ್ನು ಎರಡು ಗಂಟೆಯಲ್ಲಿ ಗಾಯ ಮಾಡಬಲ್ಲವು. ಹಿಂದೆ ಜೇಬಿಲ್ಲದ ಸಡಿಲ ಹತ್ತಿ ಪ್ಯಾಂಟು ಉತ್ತಮ. ಕಾಲು ಊದುವುದರಿಂದ ಬೂಟು ಒಂದು ಅಳತೆ ದೊಡ್ಡದಿರಲಿ. ತೊಡಿಸುವ ಮುನ್ನ ಒಳಗೆ ಕೈಹಾಕಿ ಕಲ್ಲು ಇದೆಯೇ ನೋಡಿ.

ಹಂತ 5: ಈಗ ಜಾಗ ಆರಿಸಿ, ಒಬ್ಬರು ಮೊದಲೇ ನೋಡಿ ಬನ್ನಿ

ಮೊದಲ ಸುತ್ತಾಟಕ್ಕೆ ನನ್ನ ಆಯ್ಕೆ ಕಬ್ಬನ್ ಪಾರ್ಕ್, ಅದೂ ಭಾನುವಾರ ಬೆಳಗ್ಗೆ. ಅಂದು ಒಳಗಿನ ರಸ್ತೆಗಳಲ್ಲಿ ಮೋಟಾರು ವಾಹನ ಬಿಡುವುದಿಲ್ಲ. ಡಾಂಬರು ರಸ್ತೆ, ಹೆಚ್ಚು ಏರಿಳಿತ ಇಲ್ಲ, ನೆರಳು ಧಾರಾಳ, ಮಗ್ಗುಲಲ್ಲೇ ಮೆಟ್ರೊ. ಒಂದು ಎಚ್ಚರಿಕೆ: ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪಂದ್ಯ ಇರುವ ದಿನ ಆ ಕಡೆ ತಲೆಹಾಕಬೇಡಿ. ಜನಸಂದಣಿಯಲ್ಲಿ ಕುರ್ಚಿಯಲ್ಲಿ ಕೂತವರ ಕಣ್ಣಮುಂದೆ ಇರುವುದು ಬರೀ ಬೆನ್ನುಗಳು. ಎತ್ತ ಹೋಗಬೇಕೆಂದು ತಿಳಿಯದೆ ಉಸಿರುಗಟ್ಟುತ್ತದೆ.

ಎರಡನೆಯದು ಲಾಲ್‌ಬಾಗ್. ಗಾಜಿನಮನೆಯ ಸುತ್ತಲ ರಸ್ತೆಗಳು ಸಲೀಸು. ಕೆರೆಯ ಕಡೆಗೆ ಹೋಗುವಾಗ ಇಳಿಜಾರು ಸಿಗುತ್ತದೆ. ಅಲ್ಲಿಗೆ ಇಳಿಯುವುದು ಸುಲಭವೆನಿಸಿದರೂ ಮರಳಿ ಏರುವಾಗ ತಳ್ಳುವವರ ಉಸಿರು ಪರೀಕ್ಷೆಯಾಗುತ್ತದೆ. ಕೆಂಪೇಗೌಡ ಗೋಪುರವಿರುವ ಬಂಡೆಯನ್ನು ಕೆಳಗಿನಿಂದ ನೋಡಿ ಸಾಕು ಮಾಡಿ. ಅದು ಕುರ್ಚಿಗೆ ಹೇಳಿದ್ದಲ್ಲ, ನಾಲ್ವರು ಎತ್ತಿಕೊಂಡು ಹೋಗುವ ಸಾಹಸವಂತೂ ಬೇಡವೇ ಬೇಡ. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನದ ಸುಮಾರಿಗೆ ನಡೆಯುವ ಫಲಪುಷ್ಪ ಪ್ರದರ್ಶನದ ದಿನಗಳನ್ನು ಬಿಟ್ಟುಬಿಡಿ.

ಪೇಟೆಯ ಗದ್ದಲವೇ ಬೇಕೆನ್ನುವವರಿಗೆ ವಿಠಲ್ ಮಲ್ಯ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆಗಳಲ್ಲಿ ಟೆಂಡರ್‌ಶ್ಯೂರ್ ಎಂಬ ರಸ್ತೆ ಸುಧಾರಣೆ ಯೋಜನೆಯಡಿ ಅಗಲ ಮಾಡಿದ ಪಾದಚಾರಿ ಮಾರ್ಗ ಒಳ್ಳೆಯದು. ಚರ್ಚ್ ಸ್ಟ್ರೀಟ್‌ನ ಕಲ್ಲುಹಾಸು ನೋಡಲು ಚೆಂದ, ಆದರೆ ಕುರ್ಚಿಯಲ್ಲಿ ಕೂತವರಿಗೆ ಉದ್ದಕ್ಕೂ ನಡುಕ. ಕಾಲು ಸೆಟೆದುಕೊಳ್ಳುವ ತೊಂದರೆ ಇರುವವರಿಗೆ ಆ ನಡುಕವೇ ಸೆಳೆತ ತರಿಸುತ್ತದೆ. ಮಕ್ಕಳಿದ್ದರೆ ಫ್ರೇಜರ್ ಟೌನಿನ ಕೋಲ್ಸ್ ಪಾರ್ಕ್, ರಾಜಾಜಿನಗರದ ಗಾಯತ್ರಿದೇವಿ ಪಾರ್ಕ್, ಬಸವನಗುಡಿಯ ಎಂ.ಎನ್. ಕೃಷ್ಣರಾವ್ ಪಾರ್ಕ್ ನೋಡಿ. ಕಿಲಿಕಿಲಿ ಸಂಸ್ಥೆಯ ಪ್ರಯತ್ನದಿಂದ ಅಲ್ಲಿ ಎಲ್ಲ ಮಕ್ಕಳೂ ಕೂಡಿ ಆಡುವ ಆಟದ ಜಾಗಗಳಾಗಿವೆ. ಕೆರೆಗಳ ದಂಡೆಯ ನಡಿಗೆದಾರಿ ಚೆನ್ನಾಗಿದ್ದರೂ, ಬೈಕುಗಳನ್ನು ತಡೆಯಲು ಹಾಕಿದ ಸುತ್ತುಬಳಸಿನ ಕಂಬಿ ಗೇಟು ಕುರ್ಚಿಯನ್ನೂ ತಡೆಯುತ್ತದೆ. ಪಕ್ಕದ ದೊಡ್ಡ ಗೇಟಿನ ಬೀಗದ ಕೈ ಯಾರ ಬಳಿ ಇದೆ ಎಂದು ಮೊದಲೇ ತಿಳಿದುಕೊಳ್ಳಿ.

ಯಾವ ಜಾಗವಾದರೂ ಹಿಂದಿನ ದಿನ ಅದೇ ಹೊತ್ತಿಗೆ ಒಬ್ಬರು ಹೋಗಿ ನೋಡಿ ಬರಬೇಕು. ಫೋನಿನಲ್ಲಿ ಕೇಳಿದರೆ ಎಲ್ಲರೂ ರ‍್ಯಾಂಪ್ ಇದೆ ಎಂದೇ ಹೇಳುತ್ತಾರೆ. ಅದು ಸಾಮಾನು ಸಾಗಿಸುವ ಕಡಿದಾದ ಸಿಮೆಂಟ್ ಜಾರು ಇದ್ದರೂ ಇರಬಹುದು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕೆಂಬುದು ಮಾನದಂಡ. ಅಳತೆಪಟ್ಟಿ ಒಯ್ಯಿರಿ. ವಾಹನ ನಿಲ್ಲಿಸುವ ಜಾಗದಿಂದ ಮೊದಲ ಬೆಂಚಿನವರೆಗೆ ಮೊಬೈಲ್‌ನಲ್ಲಿ ಒಂದೇ ಸಮನೆ ವಿಡಿಯೊ ತೆಗೆದು, ಕುರ್ಚಿ ಬಳಸುವವರಿಗೆ ತೋರಿಸಿ. ನೀವು ನೋಡದೆ ಹೋದ ಅಡ್ಡಿಯನ್ನು ಅವರು ಕ್ಷಣದಲ್ಲಿ ಗುರುತಿಸುತ್ತಾರೆ.

ಹೊತ್ತು: ಮಾರ್ಚ್‌ನಿಂದ ಮೇವರೆಗೆ ಬೆಳಗ್ಗೆ ಆರೂವರೆಯಿಂದ ಒಂಬತ್ತೂವರೆ. ಮಳೆಗಾಲದಲ್ಲಿ ಸಂಜೆ ಬೇಡ. ಒದ್ದೆಯಾದ ಚಕ್ರದ ಹಿಡಿಬಳೆ ಕೈಯಿಂದ ಜಾರುತ್ತದೆ, ಬ್ರೇಕೂ ಜಾರುತ್ತದೆ.

ಹಂತ 6: ಪ್ರಯಾಣ ಮತ್ತು ನೆಲದ ಮೇಲೆ ಕುರ್ಚಿ ನಡೆಸುವುದು

*ಮೆಟ್ರೊ.* ಎಲ್ಲ ದ್ವಾರಗಳಲ್ಲೂ ಲಿಫ್ಟ್ ಇರುವುದಿಲ್ಲ. ಲಿಫ್ಟ್ ಇರುವ ದ್ವಾರ ರಸ್ತೆಯ ಯಾವ ಬದಿಗಿದೆ ಎಂದು ಮೊದಲೇ ನೋಡಿಕೊಳ್ಳದಿದ್ದರೆ ಕಸ್ತೂರ್ಬಾ ರಸ್ತೆಯಂಥ ರಸ್ತೆಯನ್ನು ಕುರ್ಚಿಯಲ್ಲಿ ದಾಟಬೇಕಾಗುತ್ತದೆ. ಅಗಲವಾದ ಗೇಟಿನಲ್ಲಿ ಹೋಗಿ. ಇಳಿಯುವ ನಿಲ್ದಾಣಕ್ಕೆ ಮುಂಚಿತವಾಗಿ ತಿಳಿಸಲು ಸಿಬ್ಬಂದಿಯನ್ನು ಕೇಳಿ. ಬೋಗಿ ಮತ್ತು ವೇದಿಕೆಯ ನಡುವಿನ ಸಂದಿನಲ್ಲಿ ಮುಂದಿನ ಸಣ್ಣ ಚಕ್ರ ಅಡ್ಡ ತಿರುಗಿ ಸಿಕ್ಕಿಕೊಳ್ಳುವುದೇ ದೊಡ್ಡ ಅಪಾಯ. ಹತ್ತುವಾಗ ಮುಂದಿನ ಚಕ್ರ ಎತ್ತಿ ಒಳಗಿಟ್ಟು ತಳ್ಳಿ. ಇಳಿಯುವಾಗ ಬೆನ್ನು ಹೊರಗೆ ಮಾಡಿ ದೊಡ್ಡ ಚಕ್ರ ಮೊದಲು ಇಳಿಸಿ.

*ಬಸ್ಸು.* ಬಿಎಂಟಿಸಿಯ ತಗ್ಗು ನೆಲದ ಬಸ್ಸುಗಳಲ್ಲಿ ಮಧ್ಯದ ಬಾಗಿಲಿಗೆ ಮಡಚುವ ರ‍್ಯಾಂಪ್ ಇರುತ್ತದೆ. ಬಸ್ಸು ಪಾದಚಾರಿ ಮಾರ್ಗಕ್ಕೆ ಒತ್ತಿಕೊಂಡು ನಿಂತರೆ ಮಾತ್ರ ಅದರಿಂದ ಪ್ರಯೋಜನ. ಚಾಲಕರಿಗೆ ಕಾಣುವಂತೆ ನಿಲ್ದಾಣದ ಮುಂಭಾಗದಲ್ಲಿ ನಿಂತು ಕೈ ತೋರಿಸಿ.

*ಟ್ಯಾಕ್ಸಿ.* ಸಿಎನ್‌ಜಿ ಕಾರುಗಳ ಡಿಕ್ಕಿಯನ್ನು ಸಿಲಿಂಡರ್ ಆಕ್ರಮಿಸಿರುತ್ತದೆ. ಕಾಯ್ದಿರಿಸಿದ ಕೂಡಲೇ ಚಾಲಕರಿಗೆ ಫೋನ್ ಮಾಡಿ ಕೇಳಿ. ಕುರ್ಚಿಯಿಂದ ಸೀಟಿಗೆ ಹೋಗಲು ಜಾರುಹಲಗೆ ಬಳಸಿ. ಕಂಕುಳಿಗೆ ಕೈಹಾಕಿ ಎತ್ತುವುದನ್ನು ದಯವಿಟ್ಟು ನಿಲ್ಲಿಸಿ. ಕುರ್ಚಿ ಬಳಸುವವರಿಗೆ ಭುಜವೇ ಕಾಲು, ಅದು ಹೋದರೆ ಎಲ್ಲವೂ ಹೋಯಿತು.

ನೆಲದ ಮೇಲೆ ನೆನಪಿಡಬೇಕಾದದ್ದು ಹೆಚ್ಚಿಲ್ಲ, ಆದರೆ ಮರೆತರೆ ಬೀಳುವುದು ಖಚಿತ. ಕಡಿದಾದ ಇಳಿಜಾರಿನಲ್ಲಿ ಕುರ್ಚಿಯನ್ನು ಹಿಮ್ಮುಖವಾಗಿ ಇಳಿಸಿ. ತಳ್ಳುವವರು ಕೆಳಗಿನ ಬದಿಯಲ್ಲಿ ನಿಂತು, ಹಿಂದೆ ನೋಡುತ್ತಾ ಹೆಜ್ಜೆಹೆಜ್ಜೆಯಾಗಿ ಬನ್ನಿ. ಪಾದಚಾರಿ ಮಾರ್ಗದ ಅಂಚು ಹತ್ತಿಸುವಾಗ ಕುರ್ಚಿಯ ಹಿಂದೆ ಕೆಳಗೆ ಚಾಚಿದ ಚೌಕಟ್ಟಿನ ಕೊಳವೆಯನ್ನು ಕಾಲಿನಿಂದ ಒತ್ತಿ ಮುಂಚಕ್ರ ಎತ್ತಿ, ಮೇಲಿಟ್ಟು, ಆಮೇಲೆ ದೊಡ್ಡ ಚಕ್ರ ಉರುಳಿಸಿ. ಹುಲ್ಲು, ಮರಳು, ಜಲ್ಲಿಯ ಮೇಲೆ ಮುಂದಕ್ಕೆ ತಳ್ಳಬೇಡಿ. ಮುಂಚಕ್ರ ಎತ್ತಿ ಹಿಂದಕ್ಕೆ ಎಳೆಯಿರಿ. ಸಹಾಯ ಮಾಡಲು ಬಂದವರು ಕೈತೋಳಿನ ಪಟ್ಟಿಯನ್ನೋ ಕಾಲಿಡುವ ಹಲಗೆಯನ್ನೋ ಹಿಡಿದು ಎತ್ತುತ್ತಾರೆ, ಅದು ಕಳಚಿಬರುತ್ತದೆ. ಚೌಕಟ್ಟನ್ನು ಹಿಡಿಯಲು ಹೇಳಿ. ಮತ್ತು ತಳ್ಳುವ ಮೊದಲು ಪ್ರತಿ ಸಲವೂ ಹೇಳಿ ತಳ್ಳಿ. ಹೇಳದೆ ಕುರ್ಚಿ ಸರಿಸುವುದು ಇನ್ನೊಬ್ಬರ ಮೈಯನ್ನು ಹೇಳದೆ ಎಳೆದಂತೆ.

ಒಂದೇ ಕಡೆ ಒತ್ತಿ ಚರ್ಮ ಹುಣ್ಣಾಗದಂತೆ ಕಾಲು ಗಂಟೆಯಿಂದ ಅರ್ಧ ಗಂಟೆಗೊಮ್ಮೆ ಪೃಷ್ಠದ ಭಾರ ತೆಗೆಯಬೇಕು. ಎದೆಯನ್ನು ಮೊಣಕಾಲಿನ ಕಡೆಗೆ ಬಾಗಿಸಿ ಎರಡು ನಿಮಿಷ ಇರಲಿ, ಇಲ್ಲವೇ ಎಡಕ್ಕೆ ಬಲಕ್ಕೆ ವಾಲಲಿ. ಅವರಿಂದ ಆಗದಿದ್ದರೆ ನೀವು ಬೆಂಚಿನ ಮೇಲೆ ಕೂತು ಕುರ್ಚಿಯನ್ನು ನಿಮ್ಮ ಮಡಿಲಿಗೆ ಹಿಂದಕ್ಕೆ ವಾಲಿಸಿಕೊಳ್ಳಿ. ಮೊಬೈಲ್‌ನಲ್ಲಿ ಅಲಾರಾಂ ಇಡಿ. ಮಾತಿನ ಭರದಲ್ಲಿ ಇದು ಮರೆತೇ ಹೋಗುತ್ತದೆ.

ಹಂತ 7: ಅಪಾಯದ ಲಕ್ಷಣಗಳನ್ನು ಬಾಯಿಪಾಠ ಮಾಡಿ

*ಏಕಾಏಕಿ ಏರುವ ರಕ್ತದೊತ್ತಡ.* ವೈದ್ಯರು ಇದನ್ನು ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಎನ್ನುತ್ತಾರೆ. ಜೊತೆಗಿರುವವರು ಇದನ್ನು ಬಿಸಿಲಿನ ತಲೆನೋವೆಂದು ತಿಳಿದು ಮಾತ್ರೆ ಕೊಟ್ಟು ಮಲಗಿಸಿಬಿಡುತ್ತಾರೆ. ಇದಕ್ಕಿಂತ ಅಪಾಯಕಾರಿ ತಪ್ಪು ಇನ್ನೊಂದಿಲ್ಲ. ಟಿ6 ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಲ್ಲಿ, ಪೆಟ್ಟಿನ ಕೆಳಗೆ ಏನಾದರೂ ಕಿರಿಕಿರಿಯಾದರೆ ಮೈ ಹೀಗೆ ಕೂಗುತ್ತದೆ: ತಲೆ ಸಿಡಿಯುವಂಥ ನೋವು, ಮುಖ ಮತ್ತು ಕುತ್ತಿಗೆ ಕೆಂಪಾಗಿ ಬೆವರುವುದು, ಮೂಗು ಕಟ್ಟುವುದು, ರೋಮಾಂಚನ, ನಾಡಿ ನಿಧಾನವಾಗುವುದು. ಇವರ ಸಾಮಾನ್ಯ ರಕ್ತದೊತ್ತಡವೇ ಕಡಿಮೆ ಇರುತ್ತದೆ. ಆದ್ದರಿಂದ ಯಂತ್ರದ ಮೇಲಿನ ಅಂಕಿ 130 ತೋರಿಸಿದರೂ ಅವರಿಗೆ ಅದು ಹೆಚ್ಚೇ. ಒಂದನೇ ಹಂತದಲ್ಲಿ ಬರೆಸಿಕೊಂಡ ಅಂಕಿಗಿಂತ 20ರಿಂದ 40 ಮೇಲೇರಿದ್ದರೆ ಇದೇ ಎಂದು ತಿಳಿಯಿರಿ.

ಕೂಡಲೇ ನೇರ ಕೂರಿಸಿ. ಮಲಗಿಸಬೇಡಿ. ಸೊಂಟಪಟ್ಟಿ, ಬೂಟು, ಕಾಲಿನ ಚೀಲದ ಪಟ್ಟಿ ಸಡಿಲಿಸಿ. ಮೂತ್ರದ ಕೊಳವೆ ಮಡಚಿದೆಯೇ ನೋಡಿ, ಚೀಲ ಖಾಲಿ ಮಾಡಿ. ಕೊಳವೆ ಇಲ್ಲದವರಿಗೆ ಕ್ಯಾತಿಟರ್ ಹಾಕಿ ಮೂತ್ರ ತೆಗೆಯಬೇಕು. ಮಲ ಕಟ್ಟಿಕೊಂಡಿದೆಯೇ, ಬಟ್ಟೆಯೊಳಗೆ ಇರುವೆ ಕಚ್ಚುತ್ತಿದೆಯೇ, ಉಗುರು ಒತ್ತುತ್ತಿದೆಯೇ ಎಂದು ಹುಡುಕಿ. ಕಾರಣ ಸಿಗದಿದ್ದರೆ, ಅಥವಾ ಕಾರಣ ನಿವಾರಿಸಿದರೂ ಒತ್ತಡ ಇಳಿಯದಿದ್ದರೆ 108ಕ್ಕೆ ಕರೆ ಮಾಡಿ. ಆಸ್ಪತ್ರೆಯ ತುರ್ತು ವಿಭಾಗದವರಿಗೆ ಬೆನ್ನುಹುರಿಯ ಪೆಟ್ಟಿನ ಮಟ್ಟವನ್ನು ಮೊದಲ ವಾಕ್ಯದಲ್ಲೇ ಹೇಳಿ.

*ಬಿಸಿಲಿನ ಹೊಡೆತ.* ಮೈ ಬಿಸಿ, ಚರ್ಮ ಒಣ, ಮಂಕು, ವಾಕರಿಕೆ. ನೆರಳಿಗೆ ಒಯ್ದು ಮುಖ, ಕುತ್ತಿಗೆ, ತೋಳಿಗೆ ನೀರು ಚಿಮುಕಿಸಿ ಗಾಳಿ ಬೀಸಿ. ಮಾತು ತೊದಲಿದರೆ ಆಸ್ಪತ್ರೆಗೆ ಹೊರಡಿ.

*ಸುಟ್ಟಗಾಯ ಮತ್ತು ಕಡಿತ.* ಬಿಸಿ ಕಾಫಿ ಲೋಟವನ್ನು ತೊಡೆಯ ನಡುವೆ ಇಟ್ಟುಕೊಂಡು ಚಕ್ರ ತಳ್ಳುವುದು ಸ್ಪರ್ಶವಿಲ್ಲದವರು ಮಾಡಬಾರದ ಕೆಲಸ. ಚೆಲ್ಲಿದರೂ ತಿಳಿಯದು. ಬಿಸಿಲಿನಲ್ಲಿ ಕಾದ ಕಾರಿನ ಬೆಲ್ಟಿನ ಕೊಂಡಿಯೂ ಹಾಗೆಯೇ. ಹುಲ್ಲಿನ ಮೇಲೆ ಕೂರುವ ಆಸೆ ಇದ್ದರೆ ದಪ್ಪ ಜಮಖಾನ ಹಾಸಿ, ದಿಂಬನ್ನೂ ಕೆಳಗಿಳಿಸಿ, ಸುತ್ತ ಕೆಂಪಿರುವೆ ಇಲ್ಲವೆಂದು ನೋಡಿದ ಮೇಲೆಯೇ ಕೂರಿಸಿ.

ಹಂತ 8: ಕುರ್ಚಿ ಬಳಸದವರಿಗೆ ಬದಲಾಗುವುದು

*ಕೃತಕ ಕಾಲು ಧರಿಸುವವರು.* ನಡೆಯುತ್ತಾ ಹೋದಂತೆ ಉಳಿದ ಕಾಲಿನ ಭಾಗ ಸೊರಗಿ, ಕೃತಕ ಕಾಲಿನ ಬಟ್ಟಲು ಸಡಿಲವಾಗುತ್ತದೆ. ಹೆಚ್ಚುವರಿ ಕಾಲುಚೀಲ ಜೊತೆಗಿರಲಿ. ಬೆವರಿದರೆ ಬಿಚ್ಚಿ ಒರೆಸಿ, ಒಣಗಿದ ಮೇಲೆ ತೊಡಿ. ಬಿಚ್ಚಿ 20 ನಿಮಿಷವಾದರೂ ಕೆಂಪು ಹೋಗದಿದ್ದರೆ ಅಂದಿನ ನಡಿಗೆ ಮುಗಿಯಿತು. ಮೆಟ್ಟಿಲು ಏರುವಾಗ ಗಟ್ಟಿಯಾದ ಕಾಲು ಮೊದಲು, ಇಳಿಯುವಾಗ ಕೃತಕ ಕಾಲು ಮೊದಲು. ಏರುವುದಕ್ಕಿಂತ ಇಳಿಯುವುದೇ ಕಷ್ಟ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ದೂರ ಗೊತ್ತುಮಾಡಿ. ಸೈನಿಕರಿಗೆ ಕೃತಕ ಕಾಲು ಹೊಂದಿಸುವ ಮುಖ್ಯ ಕೇಂದ್ರ ಪುಣೆಯಲ್ಲಿದೆ. ಅಲ್ಲಿಗೆ ಮರಳಿ ಹೋಗುವ ಮುನ್ನ ಎಲ್ಲಿ ಒತ್ತುತ್ತದೆ ಎಂಬುದನ್ನು ಫೋಟೊ ಸಮೇತ ಬರೆದಿಟ್ಟುಕೊಳ್ಳಿ.

*ದೃಷ್ಟಿ ಇಲ್ಲದವರು.* ಅವರ ಕೈ ಹಿಡಿದು ಎಳೆಯಬೇಡಿ. ಅವರು ನಿಮ್ಮ ಮೊಣಕೈ ಹಿಡಿಯಲಿ, ನೀವು ಅರ್ಧ ಹೆಜ್ಜೆ ಮುಂದಿರಿ. ಮೆಟ್ಟಿಲು ಏರುತ್ತದೆಯೋ ಇಳಿಯುತ್ತದೆಯೋ ಹೇಳಿ. ಇಬ್ಬರು ತುಳಿಯುವ ಸೈಕಲ್ಲಿನಲ್ಲಿ ಮುಂದಿನವರು ಉಬ್ಬು, ತಿರುವು, ಬ್ರೇಕುಗಳನ್ನು ಮೊದಲೇ ಕೂಗಿ ಹೇಳಬೇಕು. ಹೊರಡುವುದು ಮತ್ತು ನಿಲ್ಲಿಸುವುದು, ಈ ಎರಡನ್ನೇ ಖಾಲಿ ರಸ್ತೆಯಲ್ಲಿ ಚೆನ್ನಾಗಿ ಅಭ್ಯಾಸ ಮಾಡಿ ಆಮೇಲೆ ದೂರಕ್ಕೆ ಹೋಗಿ.

*ಯುದ್ಧದ ನೆನಪು ಕಾಡುವ ನಿವೃತ್ತ ಯೋಧರು.* ಗಾಯ ಕಣ್ಣಿಗೆ ಕಾಣದ ಕಾರಣ ಇವರನ್ನು ಎಲ್ಲರಿಗಿಂತ ಹೆಚ್ಚು ತಪ್ಪಾಗಿ ನಡೆಸಿಕೊಳ್ಳುತ್ತೇವೆ. ದೀಪಾವಳಿಯ ವಾರ, ಮೆರವಣಿಗೆಯ ದಿನ, ಪಟಾಕಿ ಸಿಡಿಯುವ ಸಂಜೆ ಬೇಡ. ಬೆನ್ನ ಹಿಂದೆ ಗೋಡೆಯೋ ದೊಡ್ಡ ಮರವೋ ಇದ್ದು, ಹೊರಗೆ ಹೋಗುವ ದಾರಿ ಕಾಣುವ ಜಾಗವನ್ನು ಅವರೇ ಆರಿಸಲಿ. ಹಿಂದಿನಿಂದ ಬಂದು ಭುಜ ಮುಟ್ಟಬೇಡಿ. ಯುದ್ಧದ ಕಥೆ ಹೇಳಿ ಎಂದು ಮಕ್ಕಳಿಂದ ಕೇಳಿಸಬೇಡಿ. ಅದೇ ರೆಜಿಮೆಂಟಿನ ಒಬ್ಬ ಗೆಳೆಯ ಜೊತೆಗಿದ್ದರೆ ಮನೆಮಂದಿ ನಾಲ್ವರಿಗಿಂತ ಹೆಚ್ಚು ಉಪಯೋಗ. ಅಂಥವರ ಪರಿಚಯ ಇಲ್ಲದಿದ್ದರೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯನ್ನು ವಿಚಾರಿಸಿ. ಉಸಿರು ಏರಿ ಕೈ ನಡುಗಲು ಶುರುವಾದರೆ ಜನರಿಂದ ದೂರ ಕರೆದೊಯ್ದು, ತಗ್ಗಿದ ದನಿಯಲ್ಲಿ ಈಗ ಎಲ್ಲಿದ್ದೇವೆ, ಮುಂದೆ ಏನು ಕಾಣುತ್ತಿದೆ ಎಂದು ಹೇಳುತ್ತಾ ಇರಿ. ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416, ಕನ್ನಡದಲ್ಲೂ ಮಾತನಾಡಬಹುದು.

ಹಂತ 9: ಮನೆಗೆ ಬಂದ ಮೇಲೆ, ಮತ್ತು ಮುಂದಿನ ಸಲ

ಬಂದವರೇ ಊಟಕ್ಕೆ ಕೂರಬೇಡಿ. ಮೊದಲು ಮಲಗಿಸಿ ಚರ್ಮ ನೋಡಿ: ಪೃಷ್ಠದ ಎರಡು ಮೂಳೆಗಳ ಜಾಗ, ಬೆನ್ನುಮೂಳೆಯ ಬುಡ, ಸೊಂಟದ ಪಕ್ಕ, ಹಿಮ್ಮಡಿ. ತಾವೇ ನೋಡಿಕೊಳ್ಳುವವರಿಗೆ ಉದ್ದ ಹಿಡಿಯ ಕನ್ನಡಿ ಸಾಕು. ಕಪ್ಪು ಚರ್ಮದಲ್ಲಿ ಕೆಂಪು ಕಾಣುವುದಿಲ್ಲ. ಆ ಜಾಗ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಿ. ಅರ್ಧ ಗಂಟೆಯಾದರೂ ಗುರುತು ಮಾಸದಿದ್ದರೆ ಆ ಭಾಗದ ಮೇಲೆ ಕೂರುವುದನ್ನು ನಿಲ್ಲಿಸಬೇಕು. ಚರ್ಮ ಸುಲಿದಿದ್ದರೆ ಅಥವಾ ಬೊಬ್ಬೆ ಎದ್ದಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಿ. ಅರಿಶಿನ, ಪೌಡರ್ ಹಚ್ಚಿ ಕಾಯಬೇಡಿ, ಉಜ್ಜಲೂಬೇಡಿ.

ಎಲ್ಲಿ ಅಡ್ಡಿಯಾಯಿತು, ಎಷ್ಟು ಹೊತ್ತು ಕೂತರು, ಶೌಚ ಎಲ್ಲಿ ಸಿಕ್ಕಿತು ಎಂಬುದನ್ನು ಅಂದೇ ಬರೆದಿಡಿ. ಚರ್ಮ ಸರಿಯಿದ್ದು, ಅವರಿಗೂ ಮತ್ತೆ ಹೋಗುವ ಮನಸ್ಸಿದ್ದರೆ ಮುಂದಿನ ಸಲ ಅರ್ಧ ದಿನದ್ದಕ್ಕೆ ಕೈಹಾಕಬಹುದು. ಬನ್ನೇರುಘಟ್ಟ ಜೈವಿಕ ಉದ್ಯಾನಕ್ಕೆ ಹೋಗುವುದಾದರೆ ಮಂಗಳವಾರ ರಜೆ ಎಂಬುದು ನೆನಪಿರಲಿ. ಸಫಾರಿ ವಾಹನಕ್ಕೆ ಕುರ್ಚಿ ಹತ್ತುತ್ತದೆಯೇ ಅಥವಾ ಸೀಟಿಗೆ ಎತ್ತಿ ಕೂರಿಸಬೇಕೇ ಎಂಬುದನ್ನು ಒಬ್ಬರು ಹೋಗಿ ನೋಡಿಯೇ ಬನ್ನಿ.

ನಂದಿಬೆಟ್ಟದ ಸರದಿ ಅದಾದ ಮೇಲೆ. 1,478 ಮೀಟರ್ ಎತ್ತರದ ಬೆಟ್ಟ, ನಗರದಿಂದ ಸುಮಾರು 60 ಕಿಲೊಮೀಟರ್. ವಾರಾಂತ್ಯದಲ್ಲಿ ಬೆಳಗಿನ ಜಾವವೇ ವಾಹನಗಳ ಸಾಲು ನಿಂತು, ಕುರ್ಚಿಯಿಂದ ಕಾರಿನ ಸೀಟಿಗೆ ಬಂದವರು ಅಲ್ಲೇ ಗಂಟೆಗಟ್ಟಲೆ ಕೂರಬೇಕಾಗುತ್ತದೆ. ಹಾಗಾಗಿ ವಾರದ ದಿನ ಹೋಗಿ. ಕಾರಿನ ಸೀಟಿನ ಮೇಲೂ ಒತ್ತಡದ ದಿಂಬು ಹಾಕಿ, ಅಲಾರಾಂ ಅಲ್ಲಿಯೂ ಇಡಿ. ಚಳಿಗೆ ಕಾಲಿಗೆ ಹೊದಿಕೆ ಬೇಕು, ಬಿಸಿನೀರಿನ ಚೀಲ ಮಾತ್ರ ಬೇಡ. ಮೇಲೆ ಮೆಟ್ಟಿಲಿರುವ ಕಡೆಗೆ ಹೋಗುವ ಆಸೆಯನ್ನು ಬಿಟ್ಟು, ರಸ್ತೆ ತಲುಪುವಲ್ಲಿಗೆ ಹೋಗಿ ನೋಡುವಷ್ಟನ್ನು ಯೋಜಿಸಿ. ಎಲ್ಲಿಂದ ಹಿಂತಿರುಗಬೇಕು ಎಂಬ ಮಾತನ್ನು ಕುರ್ಚಿಯಲ್ಲಿ ಕೂತವರೇ ಹೇಳಲಿ, ಉಳಿದವರು ಅದಕ್ಕೆ ಎದುರಾಡದೆ ಹೊರಡಿ.